ಬರಲಿರುವ ಕಷ್ಟಕ್ಕೆ ಅಧಿಕಾರ ಕೊಡುತ್ತೇವೆ, ದುಡ್ಡು ಬಿಚ್ಚುವುದಿಲ್ಲ

2018ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರಾಡಳಿತ ತನ್ನ ಜನರಿಗೆ ಒಂದು ತಾರೀಖು ಹೇಳಿತು. ಏಪ್ರಿಲ್‌ನಲ್ಲಿ ಇಂಥ ದಿನ ನಿಮ್ಮ ಮನೆ ನಲ್ಲಿಗಳಲ್ಲಿ ನೀರು ನಿಲ್ಲುತ್ತದೆ ಅಂತ. ಆ ದಿನಕ್ಕೆ ‘ಡೇ ಜೀರೋ’ ಎಂದು ಹೆಸರಿಟ್ಟರು. ಮೂರು ವರ್ಷದಿಂದ ಮಳೆ ಕೈಕೊಟ್ಟಿತ್ತು. ಅಣೆಕಟ್ಟುಗಳ ನೀರು ನೂರಕ್ಕೆ 13.5ಕ್ಕೆ ಇಳಿದ ದಿನ ನಲ್ಲಿ ಬಂದ್. ಆಮೇಲೆ ಊರಲ್ಲಿ ಸುಮಾರು 200 ಕಡೆ ಸಾಲು ನಿಂತು ತಲೆಗೆ 25 ಲೀಟರ್ ಹಿಡಿದುಕೊಂಡು ಹೋಗಬೇಕು. ಲಕ್ಷಾಂತರ ಜನರಿರುವ ದೊಡ್ಡ ನಗರ ಅದು. ಆ ಸಾಲುಗಳನ್ನು ಸುಮ್ನೆ ಒಂದು ಸಲ ಊಹಿಸಿಕೊಳ್ಳಿ.

ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಬಂತು. ಕುಡಿಯೋದು, ಅಡುಗೆ, ಸ್ನಾನ, ಬಟ್ಟೆ, ಕಕ್ಕಸು ಎಲ್ಲ ಅಷ್ಟರಲ್ಲೇ. ಜನ ಏನು ಮಾಡಿದರು? ಬಕೆಟ್ಟಿನೊಳಗೆ ನಿಂತು ಸ್ನಾನ ಮಾಡಿದರು, ಆ ನೀರನ್ನೇ ಕಕ್ಕಸಿಗೆ ಹಾಕಿದರು. ಜಾಸ್ತಿ ನೀರು ಬಳಸುವ ಮನೆಗಳ ಮೀಟರಿಗೆ ಪಾಲಿಕೆಯವರು ಬಂದು ಒಂದು ಯಂತ್ರ ಕೂರಿಸಿದರು. ದಿನಕ್ಕೆ 350 ಲೀಟರ್ ಆದ ತಕ್ಷಣ ಅದು ಇಡೀ ಮನೆಯ ನೀರನ್ನು ನಿಲ್ಲಿಸಿಬಿಡುತ್ತಿತ್ತು. ಇನ್ನೂ ಒಂದು ಕೆಲಸ ಮಾಡಿದರು. ನಗರದ ನಕ್ಷೆಯೊಂದನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಮಿತಿಯೊಳಗೆ ನೀರು ಬಳಸುವ ಮನೆಗಳ ಮೇಲೆ ಹಸಿರು ಚುಕ್ಕೆ ಇಟ್ಟರು. ನಿಮ್ಮ ಮನೆ ಮೇಲೆ ಚುಕ್ಕೆ ಇದೆಯೋ ಇಲ್ಲವೋ ಪಕ್ಕದ ಮನೆಯವರು ನೋಡಬಹುದು. ಬೇರೆ ಸಮಯದಲ್ಲಿ ಯಾವ ಆಡಳಿತವಾದರೂ ಹೀಗೆ ಮಾಡಿದ್ದರೆ ಜನ ಕೋರ್ಟಿಗೆ ಹೋಗುತ್ತಿದ್ದರು. ಇಲ್ಲಿ ಗೊಣಗಿದವರು ಇದ್ದರು, ಆದರೆ ಹೆಚ್ಚಿನವರು ಒಪ್ಪಿದರು.

ಈಗ ಇದೇ ಊರಿನ ಇನ್ನೊಂದು ಸಂಗತಿ ಕೇಳಿ. ಅದಕ್ಕೂ ಕೆಲವೇ ವಾರ ಮುಂಚೆ ಪಾಲಿಕೆ ಒಂದು ‘ಬರ ಶುಲ್ಕ’ ಹಾಕಲು ಹೊರಟಿತ್ತು. ಮನೆಯ ಬೆಲೆ ನೋಡಿ ತಿಂಗಳಿಗೆ ಇಷ್ಟು ಅಂತ ಎತ್ತಿ, ಆ ದುಡ್ಡಿನಲ್ಲಿ ಹೊಸ ನೀರಿನ ಮೂಲ ಹುಡುಕುವ ಯೋಚನೆ. ಹತ್ತಾರು ಸಾವಿರ ಜನ ಬರೆದು ಕಳಿಸಿದರು. ಬಹುಪಾಲು ಎಲ್ಲ ಬೇಡ ಎನ್ನುವ ಪತ್ರಗಳೇ. ಜನವರಿಯಲ್ಲೇ ಆ ಯೋಜನೆಯನ್ನು ಕೈಬಿಟ್ಟರು.

ಒಂದೇ ಊರು, ಒಂದೇ ಜನ, ಒಂದೇ ತಿಂಗಳು. ನನ್ನ ಮನೆ ನೀರನ್ನು ಯಂತ್ರ ಇಟ್ಟು ನಿಲ್ಲಿಸು, ಪರವಾಗಿಲ್ಲ. ನನ್ನ ಜೇಬಿಗೆ ಕೈ ಹಾಕಬೇಡ. ಈ ಹೊತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಒಂದು ಕಷ್ಟ ಬರಲಿದೆ ಅಂದಾಗ ಜನ ಸರ್ಕಾರಕ್ಕೆ ಅಧಿಕಾರವನ್ನು ಧಾರಾಳವಾಗಿ ಕೊಡುತ್ತಾರೆ. ದುಡ್ಡನ್ನು ಮಾತ್ರ ಕೊಡುವುದಿಲ್ಲ. ಕಷ್ಟ ಬಂದು ಹೊಡೆದ ಮೇಲೆ ದುಡ್ಡೂ ಕೊಡುತ್ತಾರೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಅದಕ್ಕೆ ಮುಂಚಿನ ಕಾಲ. ಇನ್ನೂ ಏನೂ ಆಗಿಲ್ಲ, ಆಗುತ್ತದೆ ಅಂತ ಯಾರೋ ಹೇಳುತ್ತಿದ್ದಾರೆ, ಅಂಥ ಕಾಲ.

ಯಾಕೆ ಹೀಗೆ? ಅಧಿಕಾರದ ಬಿಲ್ಲು ಬಂದಾಗ ನನ್ನ ಹೆಸರಿಗೇ ಬರುತ್ತದೆ ಅಂತ ಯಾರಿಗೂ ಅನಿಸುವುದಿಲ್ಲ. ಪೊಲೀಸರಿಗೆ ಜಾಸ್ತಿ ಅಧಿಕಾರ ಕೊಟ್ಟರೆ ಅದನ್ನು ಬಳಸುವುದು ಬೇರೆಯವರ ಮೇಲೆ ಅಂದುಕೊಳ್ಳುತ್ತೇವೆ. ನೀರು ನಿಲ್ಲಿಸುವ ಯಂತ್ರ ಬರೋದು ಈಜುಕೊಳ ಇರುವ ಮನೆಗೆ. ತೆರಿಗೆ ಹಾಗಲ್ಲ. ಅದು ಇವತ್ತು, ನನಗೆ, ಇಷ್ಟೇ ರೂಪಾಯಿ ಅಂತ ಅಂಕಿ ಸಮೇತ ಬರುತ್ತದೆ. ಅದರಿಂದ ಸಿಗುವ ಲಾಭ ಯಾವತ್ತೋ, ಯಾರಿಗೋ. ಬಂದರೂ ಕಣ್ಣಿಗೆ ಕಾಣುವುದಿಲ್ಲ.

ಅಂದ ಹಾಗೆ ಕೇಪ್‌ಟೌನಿನಲ್ಲಿ ಡೇ ಜೀರೋ ಬರಲೇ ಇಲ್ಲ. ರೈತರ ಒಂದು ಸಂಘ ತನ್ನ ಪಾಲಿನ 1000 ಕೋಟಿ ಲೀಟರ್ ನೀರನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಹಿಂದೆ ದಿನಕ್ಕೆ 100 ಕೋಟಿ ಲೀಟರಿಗೂ ಮೇಲೆ ಕುಡಿಯುತ್ತಿದ್ದ ನಗರ ಅದರ ಅರ್ಧಕ್ಕೆ ಇಳಿಯಿತು. ತಾರೀಖು ಏಪ್ರಿಲ್‌ನಿಂದ ಮೇಗೆ, ಮೇನಿಂದ ಜೂನಿಗೆ, ಜುಲೈಗೆ ಅಂತ ಮುಂದೆ ಹೋಗುತ್ತಾ ಹೋಯಿತು. ಅಷ್ಟರಲ್ಲಿ ಮಳೆಗಾಲ ಬಂತು. ಆಗ ಜನ ಏನೆಂದರು ಗೊತ್ತಾ? ‘ಸುಮ್ನೆ ಹೆದರಿಸಿದರು’ ಅಂದರು. ಎಲ್ಲರೂ ಅಲ್ಲ, ಆದರೆ ಬಹಳ ಜನ. ಬರ ಶುಲ್ಕ ಸತ್ತಿತ್ತಲ್ಲ, ಅದೇ ವರ್ಷದ ಜುಲೈಯಲ್ಲಿ ಅದು ಬೇರೆ ವೇಷದಲ್ಲಿ ಬಂತು. ನೀರಿನ ದರ ಏರಿತು. ಮನೆಗೆ ಬರುವ ಪೈಪಿನ ದಪ್ಪ ನೋಡಿ ತಿಂಗಳಿಗಿಷ್ಟು ಅಂತ ಖಾಯಂ ಶುಲ್ಕ ಶುರುವಾಯಿತು. ಅದಕ್ಕೂ ಜನ ಬೈದರು. ಆದರೆ ಆಡಳಿತಕ್ಕೂ ಬೇರೆ ದಾರಿ ಇರಲಿಲ್ಲ. ಜನ ನೀರು ಉಳಿಸಿದ್ದೇ ತಡ, ಬಿಲ್ಲಿನಿಂದ ಬರುವ ಆದಾಯ ಕುಸಿದಿತ್ತು!

ದುಡ್ಡಿನ ಈ ವಿಚಾರವನ್ನು ಅಮೆರಿಕದ ಇಬ್ಬರು ಅಳೆದು ನೋಡಿದ್ದಾರೆ. ಆಂಡ್ರ್ಯೂ ಹೀಲಿ, ನೀಲ್ ಮಲ್ಹೋತ್ರಾ ಅಂತ. 2009ರಲ್ಲಿ ಅವರ ಲೇಖನ ಬಂತು. ಪ್ರವಾಹ, ಬಿರುಗಾಳಿ ಬಂದ ಮೇಲೆ ಸರ್ಕಾರ ಪರಿಹಾರ ಹಂಚಿದರೆ ಮುಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಜಿಲ್ಲೆಗಳಲ್ಲಿ ಆಳುವ ಪಕ್ಷಕ್ಕೆ ಮತ ಹೆಚ್ಚುತ್ತದೆ. ಅದೇ ಸರ್ಕಾರ ಅನಾಹುತ ಬರುವ ಮುಂಚೆ ತಯಾರಿಗೆ ಖರ್ಚು ಮಾಡಿದರೆ ಮತ ಹೆಚ್ಚುವುದೇ ಇಲ್ಲ. ಅವರ ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾಗಿದೆ. ತಯಾರಿಗೆ ಹಾಕಿದ 1 ಡಾಲರ್ ಮುಂದೆ ಆಗುವ ನಷ್ಟದಲ್ಲಿ ಸುಮಾರು 15 ಡಾಲರ್ ಉಳಿಸುತ್ತದಂತೆ. ಒಂದಕ್ಕೆ ಹದಿನೈದು ತರುವ ಖರ್ಚಿಗೆ ಮತ ಇಲ್ಲ. ಸೊನ್ನೆ ತರುವ ಖರ್ಚಿಗೆ ಮತ ಇದೆ. ನೀವು ಮಂತ್ರಿ ಆಗಿದ್ದರೆ ಯಾವುದನ್ನು ಮಾಡುತ್ತಿದ್ದಿರಿ? ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ರಾಜಕಾರಣಿಗಳನ್ನು ಆಡಿಕೊಳ್ಳುತ್ತೇವೆ. ಬೆಂಕಿ ಬೀಳುವ ಮುಂಚೆ ತೋಡಿದವನಿಗೆ ನಾವು ಮತ ಹಾಕಿದ್ದೇವಾ, ಅದನ್ನೂ ಕೇಳಿಕೊಳ್ಳಬೇಕಲ್ಲ.

ಹಾಗಾದರೆ ತಯಾರಿ ಎಲ್ಲೂ ಆಗುವುದೇ ಇಲ್ವಾ ಅಂದರೆ, ಆಗುತ್ತದೆ. ಹೆಚ್ಚಾಗಿ ಒಂದು ದೊಡ್ಡ ಏಟು ತಿಂದ ಮೇಲೆ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಚಂಡಮಾರುತ ಬಡಿದಾಗ ಸುಮಾರು 10,000 ಜನ ಸತ್ತರು. ಎರಡೇ ತಿಂಗಳಲ್ಲಿ ವಿಪತ್ತು ನಿರ್ವಹಣೆಗೆಂದೇ ರಾಜ್ಯ ಒಂದು ಪ್ರಾಧಿಕಾರ ಕಟ್ಟಿತು. ಕರಾವಳಿಯುದ್ದಕ್ಕೂ ಕಂಬದ ಮೇಲೆ ನಿಂತ ಆಶ್ರಯ ಕಟ್ಟಡಗಳು ಎದ್ದವು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸತ್ತವರು ಕೆಲವು ಹತ್ತು ಜನ. ಇಲ್ಲಿ ಗಮನಿಸಬೇಕಾದ್ದು ಕಟ್ಟಡ ಅಷ್ಟೇ ಅಲ್ಲ. ಆಕಾಶ ಇನ್ನೂ ತಿಳಿಯಾಗಿರುವಾಗ ಒಬ್ಬ ಅಧಿಕಾರಿ ಬಂದು ‘ದನ ಕರು ಬಿಟ್ಟು ನಡೀರಿ’ ಅಂದರೆ ಜನ ಎದ್ದು ಹೊರಡಬೇಕಲ್ಲ. ಅದಕ್ಕೆ ನಂಬಿಕೆ ಬೇಕು. ಆ ನಂಬಿಕೆ ಬಂದದ್ದು 1999ರ ನೆನಪಿನಿಂದ. ಆ ನೆನಪು ಇಲ್ಲದ ಕಡೆ ಇದೇ ಎಚ್ಚರಿಕೆ ಬರೀ ಸದ್ದಾಗುತ್ತದೆ.

ತಯಾರಿ ಮಾಡಿದವರ ಹೆಸರು ಕೆಡುವುದಕ್ಕೆ ಎರಡು ದಾರಿ ಇವೆ. ತಯಾರಿ ಫಲಿಸಿದರೂ ಕೆಡುತ್ತದೆ, ಕಷ್ಟ ಬರದೇ ಹೋದರೂ ಕೆಡುತ್ತದೆ. ಮೊದಲನೆಯದಕ್ಕೆ ನಿಮಗೆಲ್ಲ ಗೊತ್ತಿರುವ ಉದಾಹರಣೆ ವೈ2ಕೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಕಂಪ್ಯೂಟರುಗಳು 2000ವನ್ನು 1900 ಅಂದುಕೊಳ್ಳುತ್ತವೆ ಎನ್ನುವ ಭಯ. ಲೋಕದ ತುಂಬ ಕೋಡ್ ತಿದ್ದುವ ಕೆಲಸ ನಡೆಯಿತು, ಸಾವಿರಾರು ಕೋಟಿ ಡಾಲರ್ ಖರ್ಚಾಯಿತು. ಜನವರಿ 1 ಬೆಳಗಾಯಿತು, ಬ್ಯಾಂಕು ತೆರೆಯಿತು, ವಿಮಾನ ಹಾರಿತು. ಮಧ್ಯಾಹ್ನದ ಹೊತ್ತಿಗೆ ‘ಎಲ್ಲ ಬರೀ ಬೂಟಾಟಿಕೆ’ ಅನ್ನೋ ಮಾತು ಶುರು. ಅಷ್ಟು ಖರ್ಚು ಬೇಕಿತ್ತಾ ಅಂತ ಕೇಳುವುದು ನ್ಯಾಯವೇ, ಕೆಲವು ಕಡೆ ಅತಿಯಾಗಿಯೇ ಖರ್ಚು ಮಾಡಿದ್ದರು. ಆದರೆ ಏನೂ ಆಗಲಿಲ್ಲ ಅನ್ನೋದನ್ನೇ ಸಾಕ್ಷಿ ಮಾಡಿಕೊಂಡರೆ ತಿದ್ದಿದವರು ಏನು ಹೇಳಬೇಕು?

ಎರಡನೆಯದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಒಬ್ಬ ಯುವ ಸೈನಿಕ ಜ್ವರದಿಂದ ಸತ್ತ. ಪರೀಕ್ಷೆ ಮಾಡಿದರೆ ಹಂದಿ ಜ್ವರದ ವೈರಸ್. 1918ರಲ್ಲಿ ಕೋಟ್ಯಂತರ ಜನರನ್ನು ಕೊಂದ ಜ್ವರಕ್ಕೆ ಇದು ಹತ್ತಿರದ ನಂಟು ಅಂತ ತಜ್ಞರು ಹೆದರಿದರು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ದೇಶದ ಪ್ರತಿಯೊಬ್ಬರಿಗೂ ಲಸಿಕೆ ಎಂದು ಘೋಷಿಸಿದ. ಪೋಲಿಯೋ ಲಸಿಕೆ ಕಂಡುಹಿಡಿದ ಜೋನಾಸ್ ಸಾಲ್ಕ್, ಆಲ್ಬರ್ಟ್ ಸೇಬಿನ್ ಇಬ್ಬರೂ ಅವನ ಜೊತೆ ನಿಂತಿದ್ದರು. ಅವರಿಬ್ಬರಿಗೂ ಆಗುತ್ತಿರಲಿಲ್ಲ, ಒಂದೇ ಚಿತ್ರದಲ್ಲಿ ಕಾಣಿಸಿಕೊಂಡಿದ್ದೇ ದೊಡ್ಡದು.

ಬೇಸಗೆ ಬಂತು. ಜ್ವರ ಬರಲಿಲ್ಲ. ವಿಮಾ ಕಂಪನಿಗಳು ಲಸಿಕೆ ತಯಾರಕರಿಗೆ ವಿಮೆ ಕೊಡುವುದಿಲ್ಲ ಅಂದವು. ತಯಾರಕರು ಹಾಗಾದರೆ ನಾವು ಲಸಿಕೆ ಕೊಡುವುದಿಲ್ಲ ಅಂದರು. ಯಾರಿಗಾದರೂ ತೊಂದರೆಯಾದರೆ ಹೊಣೆ ಸರ್ಕಾರದ್ದು ಎನ್ನುವ ಮಸೂದೆ ಸಂಸತ್ತಿನಲ್ಲಿ ನಿಂತಲ್ಲೇ ನಿಂತಿತ್ತು. ಅಷ್ಟರಲ್ಲಿ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಹೋಗಿ ಬಂದವರು ಒಬ್ಬೊಬ್ಬರಾಗಿ ಸಾಯತೊಡಗಿದರು. ಹಂದಿ ಜ್ವರ ಬಂದೇಬಿಟ್ಟಿತು ಅಂತ ಎಲ್ಲರಿಗೂ ಗಾಬರಿ. ಅದು ಹಂದಿ ಜ್ವರ ಅಲ್ಲ ಅಂತ ಕೆಲವೇ ದಿನದಲ್ಲಿ ಗೊತ್ತಾಯಿತು. ಅದು ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು, ಈಗ ಅದಕ್ಕೆ ಲೀಜನೇರ್ಸ್ ಕಾಯಿಲೆ ಅನ್ನುತ್ತಾರೆ. ಆದರೆ ಆ ಗಾಬರಿಯ ಬಿಸಿಯಲ್ಲಿ ಮಸೂದೆ ಆಗಸ್ಟಿನಲ್ಲಿ ಪಾಸಾಗಿಯೇ ಹೋಯಿತು. ನೋಡಿ, ತಿಂಗಳುಗಟ್ಟಲೆ ವಾದ ಮಾಡಿ ಆಗದ್ದನ್ನು ತಪ್ಪು ಸುದ್ದಿಯೊಂದು ಮಾಡಿ ಮುಗಿಸಿತು. ಬರಲಿರುವ ಕಷ್ಟದ ವಿಷಯದಲ್ಲಿ ನಿಜ ಎಷ್ಟಿದೆ ಅನ್ನೋದಕ್ಕಿಂತ ಅದಕ್ಕೆ ಒಂದು ಮುಖ ಸಿಕ್ಕಿತಾ ಅನ್ನೋದೇ ಜಾಸ್ತಿ ಕೆಲಸ ಮಾಡುತ್ತದೆ. ಸತ್ತ ಸೈನಿಕ ಒಂದು ಮುಖ. ಡೇ ಜೀರೋದ ತಾರೀಖು ಕೂಡ ಒಂದು ಬಗೆಯ ಮುಖವೇ.

ಅಕ್ಟೋಬರಿನಲ್ಲಿ ಲಸಿಕೆ ಶುರುವಾಯಿತು. 4 ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡರು. ಲಕ್ಷಕ್ಕೆ ಒಬ್ಬರಂತೆ ಕೆಲವರಿಗೆ ನರಗಳು ಸೋತು ಕೈಕಾಲು ಸ್ವಾಧೀನ ತಪ್ಪುವ ಗಿಲಿಯನ್ ಬ್ಯಾರೆ ಎಂಬ ತೊಂದರೆ ಕಾಣಿಸಿತು. ಡಿಸೆಂಬರಿನಲ್ಲಿ ಎಲ್ಲವನ್ನೂ ನಿಲ್ಲಿಸಿದರು. ಸಾಂಕ್ರಾಮಿಕ ಕೊನೆಗೂ ಬರಲಿಲ್ಲ. ರೋಗ ನಿಯಂತ್ರಣ ಕೇಂದ್ರದ ನಿರ್ದೇಶಕರ ಕೆಲಸ ಹೋಯಿತು. ಲಸಿಕೆ ಅಂದರೆ ಅನುಮಾನ ಪಡುವ ಒಂದು ಗುಂಪು ಅಲ್ಲಿ ಗಟ್ಟಿಯಾಯಿತು. ನನ್ನ ಮಟ್ಟಿಗೆ ಫೋರ್ಡ್ ಮಾಡಿದ ತಪ್ಪು ಲಸಿಕೆ ತಯಾರಿಸಿದ್ದಲ್ಲ. ತಯಾರಿಸಿ ಇಟ್ಟುಕೊಂಡು, ಜ್ವರ ಹರಡುವುದು ಕಂಡಮೇಲೆ ಕೊಡೋಣ ಅನ್ನುವ ಸಲಹೆ ಆಗಲೇ ಇತ್ತು. ಅದನ್ನು ಕೇಳಲಿಲ್ಲ. ಚುನಾವಣೆ ವರ್ಷ ಬೇರೆ. ಕಾದು ನೋಡೋಣ ಅನ್ನೋ ಮಾತು ಕ್ಯಾಮೆರಾ ಮುಂದೆ ಚೆನ್ನಾಗಿ ಕೇಳಿಸುವುದಿಲ್ಲ.

ಇನ್ನು ಕೊಟ್ಟ ಅಧಿಕಾರ ವಾಪಸ್ ಬರುತ್ತಾ ಅನ್ನೋ ಪ್ರಶ್ನೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ಬ್ಯಾಗಿನಲ್ಲಿ ನೀರಿನ ಬಾಟಲಿ. ಎಸೆಯಿರಿ ಅನ್ನುತ್ತಾರೆ, ಎಸೆಯುತ್ತೀರಿ. 2006ರ ಆಗಸ್ಟಿನಲ್ಲಿ ಬ್ರಿಟನ್ ಪೊಲೀಸರು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಒಯ್ಯುವ ಸಂಚೊಂದನ್ನು ಹಿಡಿದರು. ಒಂದು ವಿಮಾನವೂ ಸ್ಫೋಟವಾಗಲಿಲ್ಲ. ಸ್ಫೋಟ ಆಗಬಹುದಿತ್ತು ಅಷ್ಟೇ. ಅದಾಗಿ ಕೆಲವೇ ವಾರಗಳಲ್ಲಿ 100 ಮಿಲಿಲೀಟರ್ ನಿಯಮ ಬಂತು, ಎಷ್ಟೋ ನಿಲ್ದಾಣಗಳಲ್ಲಿ ಇವತ್ತಿಗೂ ಇದೆ. ಅಮೆರಿಕದಲ್ಲಿ ಶೂ ಬಿಚ್ಚಿಸುವ ನಿಯಮ ಬಂದದ್ದು 2001ರಲ್ಲಿ ಒಬ್ಬನೇ ಒಬ್ಬ ಮನುಷ್ಯ ಶೂವಿನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದ್ದರಿಂದ. ಅದನ್ನು ಕೈಬಿಟ್ಟಿದ್ದು 2025ರಲ್ಲಿ. ನಡುವೆ ಕೋಟ್ಯಂತರ ಜನ ಬರಿಗಾಲಲ್ಲಿ ಆ ತಣ್ಣನೆ ನೆಲದ ಮೇಲೆ ನಿಂತರು. ದಂಗೆ ಏಳಲಿಲ್ಲ. ಅದೇ ಟಿಕೆಟ್ಟಿನ ಮೇಲೆ ಭದ್ರತಾ ಶುಲ್ಕ ಏರಿಸುತ್ತೇವೆ ಅಂದರೆ ಸಂಸತ್ತಿನಲ್ಲಿ ಗಲಾಟೆ.

ಅದೇ 2001ರಲ್ಲಿ ಸೆಪ್ಟೆಂಬರ್ 11ರ ದಾಳಿಯಾಗಿ 45 ದಿನಕ್ಕೆ, ಜನರ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಹೆಚ್ಚು ಅಧಿಕಾರ ಕೊಡುವ ಪೇಟ್ರಿಯಟ್ ಕಾಯ್ದೆ ಬಂತು. ದಾಳಿ ಆಗಿ ಮುಗಿದಿತ್ತು ನಿಜ, ಆದರೆ ಕಾಯ್ದೆ ಮಾಡಿದ್ದು ಮುಂದಿನ ದಾಳಿಯ ಹೆದರಿಕೆಯಿಂದ. ಸೆನೆಟ್ಟಿನಲ್ಲಿ ಪರವಾಗಿ 98 ಮತ, ವಿರುದ್ಧ 1. ಕೆಲವು ಕಲಮುಗಳಿಗೆ 2005ರ ಕೊನೆಗೆ ಮುಗಿಯುವ ಗಡುವು ಹಾಕಿದ್ದರು. ಗಡುವು ಬಂದಾಗ ಹೆಚ್ಚಿನವನ್ನು ಖಾಯಂ ಮಾಡಿದರು. ಸರ್ಕಾರ ಆ ಅಧಿಕಾರದಲ್ಲಿ ತಮ್ಮ ಫೋನ್ ಕರೆಗಳ ಲೆಕ್ಕವನ್ನೂ ಇಟ್ಟಿದೆ ಅಂತ ಜನಕ್ಕೆ ಗೊತ್ತಾದದ್ದು 2013ರಲ್ಲಿ. ಬೇರೆಯವರ ಮೇಲೆ ಅಂದುಕೊಂಡಿದ್ದು ತಮ್ಮ ಮೇಲೂ ಇದೆ ಅಂತ ಆಗ ತಿಳಿಯಿತು. ಅಭಿಪ್ರಾಯವೂ ಆಗಲೇ ತಿರುಗಿದ್ದು.

ದುಡ್ಡಿನ ಮಾತಿಗೆ ಇರಾಕ್ ಯುದ್ಧಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. 2003ರ ಮಾರ್ಚಿನಲ್ಲಿ ಅದು ಶುರುವಾಯಿತು. ಸದ್ದಾಂ ಹತ್ತಿರ ಸಾಮೂಹಿಕ ನಾಶದ ಅಸ್ತ್ರಗಳಿವೆ, ಕಾಯುತ್ತಾ ಕೂತರೆ ಅನಾಹುತ ಎನ್ನುವುದು ವಾದ. ಆಗಿನ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಏಳು ಅಮೆರಿಕನ್ನರು ಯುದ್ಧದ ಪರ ಇದ್ದರು. ಒಂದು ದೇಶದ ಮೇಲೆ ಸೇನೆ ನುಗ್ಗಿಸುವುದಕ್ಕಿಂತ ದೊಡ್ಡ ಅಧಿಕಾರ ಯಾವುದಿದೆ? ಅದನ್ನು ಕೊಟ್ಟರು. ಎರಡು ತಿಂಗಳ ಬಳಿಕ, ಮೇ ಕೊನೆಗೆ, ಅದೇ ಸರ್ಕಾರ ತೆರಿಗೆ ಕಡಿತದ ಕಾಯ್ದೆಗೆ ಸಹಿ ಹಾಕಿತು. ಯುದ್ಧ ನಡೆದದ್ದು ಸಾಲದಲ್ಲಿ. ಅಸ್ತ್ರಗಳು ಸಿಗಲಿಲ್ಲ.

ಇಲ್ಲಿ ನೀವು ಕೇಳಬಹುದು, ತೆರಿಗೆಗೂ ಜನ ಒಪ್ಪಿದ ಉದಾಹರಣೆ ಇಲ್ವಾ ಅಂತ. ಇದೆ. ಆದರೆ ಶತ್ರು ಬಾಗಿಲಲ್ಲಿ ಇರಬೇಕು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಬಂದದ್ದು 1799ರಲ್ಲಿ, ಫ್ರಾನ್ಸ್ ವಿರುದ್ಧದ ಯುದ್ಧಕ್ಕೆ. ತಾತ್ಕಾಲಿಕ ಅಂದಿದ್ದರು. ಯುದ್ಧ ಮುಗಿದ ಮೇಲೆ 1816ರಲ್ಲಿ ತೆಗೆದು ಹಾಕಿದರು, ಜನರ ಆದಾಯ ಬರೆದ ಕಾಗದಗಳನ್ನೂ ನಾಶ ಮಾಡಿ ಅಂತ ಸಂಸತ್ತು ಹೇಳಿತು. 1842ರಲ್ಲಿ ಮತ್ತೆ ಬಂತು, ಆಗಲೂ ತಾತ್ಕಾಲಿಕ ಅಂತಲೇ. ಕಾನೂನಿನ ಪ್ರಕಾರ ಇವತ್ತಿಗೂ ಅಲ್ಲಿ ಅದನ್ನು ವರ್ಷ ವರ್ಷ ಹೊಸದಾಗಿ ಹಾಕಬೇಕು. ಪೀಕಾಕ್, ವೈಸ್‌ಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1961ರಲ್ಲಿ ಇದನ್ನೇ ಅಂಕಿ ಸಮೇತ ತೋರಿಸಿದರು. ಯುದ್ಧದಂಥ ದೊಡ್ಡ ಪೆಟ್ಟು ಬಿದ್ದಾಗ ಜನ ಹೆಚ್ಚು ತೆರಿಗೆಯನ್ನು ಸಹಿಸುತ್ತಾರೆ, ಪೆಟ್ಟು ಮುಗಿದ ಮೇಲೂ ಖರ್ಚು ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ಗಮನಿಸಿ, ಪೆಟ್ಟು ಬಿದ್ದಾಗ. ಬೀಳುತ್ತದೆ ಅಂದಾಗ ಅಲ್ಲ.

ಬರೀ ಲೆಕ್ಕಾಚಾರದ ಮೇಲೆ ಸರ್ಕಾರಗಳು ಅತಿ ಹೆಚ್ಚು ಅಧಿಕಾರ ತೆಗೆದುಕೊಂಡದ್ದು ಜನಸಂಖ್ಯೆಯ ವಿಷಯದಲ್ಲಿ. ಚೀನಾದಲ್ಲಿ ಸಾಂಗ್ ಜಿಯಾನ್ ಅಂತ ಒಬ್ಬ ಕ್ಷಿಪಣಿ ವಿಜ್ಞಾನಿ. ಕ್ಷಿಪಣಿಗೆ ಬಳಸುವ ಗಣಿತವನ್ನೇ ಜನಸಂಖ್ಯೆಗೂ ಹಾಕಿದ. ತಾಯಿಗೆ ಮೂರು ಮಕ್ಕಳಂತೆ ಹೀಗೇ ಹೋದರೆ 2080ಕ್ಕೆ ಚೀನಾದ ಜನ 400 ಕೋಟಿ ದಾಟುತ್ತಾರೆ ಅಂತ ಲೆಕ್ಕ ಬಂತು. ವಿಚಿತ್ರ ಅಂದರೆ ಆ ಹೊತ್ತಿಗಾಗಲೇ ಅಲ್ಲಿ ಹೆರಿಗೆ ವೇಗವಾಗಿ ಇಳಿಯುತ್ತಿತ್ತು. 1970ರ ಸುಮಾರಿಗೆ ತಾಯಿಗೆ ಆರು ಮಕ್ಕಳ ಹತ್ತಿರ ಇದ್ದದ್ದು ಹತ್ತೇ ವರ್ಷದಲ್ಲಿ ಮೂರಕ್ಕೂ ಕೆಳಗೆ ಬಂದಿತ್ತು. ಅದಾದರೂ 1980ರಲ್ಲಿ ಒಂದೇ ಮಗು ನೀತಿ ಬಂತು, 2015ರ ಕೊನೆಯವರೆಗೂ ಇತ್ತು. 2022ರಿಂದ ಅಲ್ಲಿ ಜನಸಂಖ್ಯೆ ಇಳಿಯುತ್ತಿದೆ. ಈಗ ಅದೇ ಸರ್ಕಾರ ಮಕ್ಕಳು ಮಾಡಿಕೊಳ್ಳಿ ಅಂತ ಜನರ ಬೆನ್ನು ಬಿದ್ದಿದೆ.

ಭಾರತದಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಮೇಷ್ಟ್ರುಗಳಿಗೂ ಇಷ್ಟು ಜನರನ್ನು ಕರೆತರಬೇಕು ಅಂತ ಗುರಿ, ತರದಿದ್ದರೆ ಸಂಬಳಕ್ಕೆ ಕತ್ತರಿ. ಜನಸಂಖ್ಯೆ ಸ್ಫೋಟ ಎನ್ನುವ ಮಾತನ್ನು ಓದಿದವರೆಲ್ಲ ಒಪ್ಪಿದ್ದರು. ಆಪರೇಷನ್ನಿಗೆ ಎಳೆದೊಯ್ದದ್ದು ಬಡವರನ್ನು. 1977ರ ಮಾರ್ಚಿನಲ್ಲಿ ಚುನಾವಣೆ ಬಂತು. ಬಲವಂತ ಜಾಸ್ತಿ ನಡೆದಿದ್ದ ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿ ಹೋಯಿತು, ಪ್ರಧಾನಿಯೇ ತಮ್ಮ ಕ್ಷೇತ್ರದಲ್ಲಿ ಸೋತರು. ಇಲಾಖೆಯ ಹೆಸರಲ್ಲಿದ್ದ ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಆಯಿತು. ಎರಡು ದೇಶಕ್ಕೂ ಇದ್ದ ಭಯ ಒಂದೇ. ಅಧಿಕಾರದ ಬಿಲ್ಲು ಯಾರ ಮನೆಗೆ ಬಂದಿತ್ತೋ ಅವರ ಕೈಯಲ್ಲಿ ಒಂದು ಕಡೆ ಮತ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಇಲ್ಲಿಯವರೆಗೆ ಒಂದು ವಿಷಯವನ್ನು ಹಿಡಿದು ಮಾತಾಡಿದೆ. ಮೊದಲು ಭಯ ಹುಟ್ಟುತ್ತದೆ, ಆಮೇಲೆ ಸರ್ಕಾರದ ಬಗ್ಗೆ ಅಭಿಪ್ರಾಯ ಅಂತ. ಎಷ್ಟೋ ಸಲ ಇದು ತಿರುಗುಮುರುಗು. ಸರ್ಕಾರ ಏನು ಮಾಡಲು ಹೊರಟಿದೆ ಅಂತ ಮೊದಲು ನೋಡುತ್ತಾರೆ. ಅದು ಇಷ್ಟವಾಗದಿದ್ದರೆ ಕಷ್ಟವೇ ಸುಳ್ಳು ಅನ್ನುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟ್ರಾಯ್ ಕ್ಯಾಂಬೆಲ್, ಆರನ್ ಕೇ 2014ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಭೂಮಿ ಬಿಸಿಯಾಗುತ್ತದೆ ಎನ್ನುವ ಒಂದೇ ಮಾತನ್ನು ಬಲಪಂಥೀಯ ರಿಪಬ್ಲಿಕನ್ ಪಕ್ಷದವರ ಎರಡು ಗುಂಪಿಗೆ ಕೊಟ್ಟರು. ಒಂದು ಗುಂಪಿಗೆ ಪರಿಹಾರ ಮುಕ್ತ ಮಾರುಕಟ್ಟೆ ಅಂತ ಓದಿಸಿದರು, ಇನ್ನೊಂದಕ್ಕೆ ಸರ್ಕಾರದ ಕಟ್ಟುನಿಟ್ಟು ಅಂತ. ಮೊದಲ ಗುಂಪಿನಲ್ಲಿ ನೂರಕ್ಕೆ 55 ಜನ ಬಿಸಿಯಾಗುವ ಮಾತನ್ನು ಒಪ್ಪಿದರು. ಎರಡನೆಯದರಲ್ಲಿ ಬರೀ 22.

ಹಾಗಂತ ಒಂದೇ ಪಕ್ಷದವರನ್ನು ನೋಡಿ ನಗಬೇಡಿ. ಅದೇ ಸಂಶೋಧಕರು ಎಡಪಂಥೀಯರ ಮೇಲೂ ಪ್ರಯೋಗ ಮಾಡಿದರು. ಮನೆಗೆ ನುಗ್ಗುವ ಕಳ್ಳರ ಹಾವಳಿಗೆ ಬಂದೂಕು ಕಾನೂನು ಸಡಿಲಿಸುವುದೇ ಪರಿಹಾರ ಅಂತ ಓದಿಸಿದಾಗ, ಅವರಿಗೆ ಕಳ್ಳರ ಹಾವಳಿ ಅಷ್ಟೇನೂ ದೊಡ್ಡದಲ್ಲ ಅನಿಸಿತು. ನಾಳೆಯ ಕಷ್ಟವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಅದಕ್ಕೇ ಅದನ್ನು ಇಲ್ಲ ಅನ್ನುವುದು ಇಷ್ಟು ಸುಲಭ. ಎದುರಿಗಿರುವ ನೆರೆಯನ್ನು ಯಾವ ಪಕ್ಷದವನೂ ಸುಳ್ಳು ಅನ್ನಲಾರ. ಮುಂದಿನ ಐವತ್ತು ವರ್ಷದ ನೆರೆಯನ್ನು ಧೈರ್ಯವಾಗಿ ಅನ್ನಬಹುದು.

ಪಿಂಚಣಿ ವಿಷಯದಲ್ಲಿ ಜನಪ್ರತಿನಿಧಿಗಳು ಒಂದು ಒಳದಾರಿ ಕಂಡುಕೊಂಡಿದ್ದಾರೆ. 1983ರಲ್ಲಿ ಅಮೆರಿಕದ ಸಾಮಾಜಿಕ ಭದ್ರತಾ ನಿಧಿ ಬರಿದಾಗುತ್ತಾ ಬಂದಿತ್ತು, ಆ ಬೇಸಗೆಗೆ ಚೆಕ್ಕು ಕೊಡಲಿಕ್ಕೂ ದುಡ್ಡು ಸಾಲದು ಅನ್ನೋ ಸ್ಥಿತಿ. ವರ್ಷಗಟ್ಟಲೆ ಮುಂದೂಡಿದ್ದವರು ಕೆಲವೇ ತಿಂಗಳು ಉಳಿದಾಗ ಕೂತು ಒಪ್ಪಂದ ಮಾಡಿಕೊಂಡರು. ನಿವೃತ್ತಿ ವಯಸ್ಸು 65ರಿಂದ 67ಕ್ಕೆ. ಆದರೆ ಪೂರ್ತಿ 67 ಅನ್ವಯಿಸುವುದು 1960 ಅಥವಾ ಆಮೇಲೆ ಹುಟ್ಟಿದವರಿಗೆ. ಅಂದರೆ ಕಾಯ್ದೆ ಬಂದಾಗ 23 ವರ್ಷ ದಾಟದ ಹುಡುಗರಿಗೆ. ಆ ವಯಸ್ಸಿನಲ್ಲಿ ನಿವೃತ್ತಿ ಬಗ್ಗೆ ಯಾರು ಬೀದಿಗಿಳಿಯುತ್ತಾರೆ? ಬಹಳ ಜಾಣತನದ ಕೆಲಸ. ನನಗೆ ಇದರ ಮೇಲೆ ಸ್ವಲ್ಪ ಸಿಟ್ಟೂ ಇದೆ, ಸ್ವಲ್ಪ ಮೆಚ್ಚುಗೆಯೂ ಇದೆ. ಫ್ರಾನ್ಸ್ 2023ರಲ್ಲಿ 62ರಿಂದ 64ಕ್ಕೆ ಏರಿಸಹೊರಟಾಗ ಬಿಲ್ಲು ಆಗಲೇ ಐವತ್ತು ದಾಟಿದವರಿಗೂ ಬಂತು. ಲಕ್ಷಾಂತರ ಜನ ಬೀದಿಯಲ್ಲಿದ್ದರು.

ಕೊನೆಗೆ ನೆದರ್‌ಲೆಂಡ್ಸ್. ಕಾಲು ಭಾಗ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿರುವ ದೇಶ. ಅಲ್ಲಿ ಯೋಹಾನ್ ವಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ 1930ರ ದಶಕದಿಂದಲೂ ಒಡ್ಡುಗಳ ಎತ್ತರ ಸಾಲದು ಅಂತ ವರದಿ ಕೊಡುತ್ತಾ ಬಂದಿದ್ದ. ಬರೆಯುವಾಗ ‘ಡಾಕ್ಟರ್ ಕಸಾಂಡ್ರಾ’ ಎಂಬ ಹೆಸರನ್ನೂ ಬಳಸಿದ್ದ. ಕಸಾಂಡ್ರಾ ಅಂದರೆ ಗ್ರೀಕ್ ಕಥೆಯಲ್ಲಿ ನಿಜ ನುಡಿದರೂ ಯಾರೂ ನಂಬದ ಹೆಣ್ಣು. ಎರಡನೇ ಮಹಾಯುದ್ಧ ಮುಗಿದಿತ್ತು, ಮನೆ ಕಟ್ಟಬೇಕು, ಸೇನೆ ಬೇಕು, ಒಡ್ಡಿಗೆ ದುಡ್ಡಿರಲಿಲ್ಲ. 1953ರ ಜನವರಿ 31ರ ರಾತ್ರಿ ಸಮುದ್ರ ಒಳಗೆ ನುಗ್ಗಿತು. 1,836 ಜನ ಸತ್ತರು. ಮೂರು ವಾರದೊಳಗೆ ಡೆಲ್ಟಾ ಆಯೋಗ ರಚನೆಯಾಯಿತು, ಅದರ ಕಾರ್ಯದರ್ಶಿ ಇದೇ ವಾನ್ ವೇನ್. ಇಲ್ಲದ ದುಡ್ಡು ಈಗ ಬಂತು.

ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಒಂದೊಂದೇ ಕೊಲ್ಲಿಗೆ ಗೋಡೆ ಕಟ್ಟುತ್ತಾ ಬಂದರು. 1970ರ ದಶಕಕ್ಕೆ ಓಸ್ಟರ್‌ಸ್ಕೆಲ್ಡೆ ಎಂಬ ದೊಡ್ಡ ಕೊಲ್ಲಿಯ ಸರದಿ ಬಂತು. ಪೂರ್ತಿ ಮುಚ್ಚಿದರೆ ಉಪ್ಪುನೀರು ಹೋಗಿ ಸಿಂಪಿ, ಕಪ್ಪೆಚಿಪ್ಪು ಸಾಯುತ್ತವೆ ಅಂತ ಮೀನುಗಾರರು, ಪರಿಸರದವರು ತಿರುಗಿ ಬಿದ್ದರು. 1953ರಲ್ಲಾಗಿದ್ದರೆ ಈ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಭಯಕ್ಕೆ ಇಪ್ಪತ್ತು ವರ್ಷ ವಯಸ್ಸಾಗಿತ್ತು, ಹಾಗಾಗಿ ಕೇಳಿದರು. ಗೋಡೆಯ ಬದಲು 62 ಉಕ್ಕಿನ ಬಾಗಿಲುಗಳು ಬಂದವು. ಮಾಮೂಲಿ ದಿನ ತೆರೆದಿರುತ್ತವೆ, ಬಿರುಗಾಳಿ ಬಂದರೆ ಇಳಿಯುತ್ತವೆ. 1986ರಲ್ಲಿ ಮುಗಿಯಿತು. ಖರ್ಚು ಗೋಡೆಗಿಂತ ಬಹಳ ಜಾಸ್ತಿ. ನನ್ನ ಲೆಕ್ಕದಲ್ಲಿ ಅದು ಪೋಲಾದ ದುಡ್ಡಲ್ಲ. ಗಾಬರಿ ಇಳಿದ ಮೇಲೆ ಮಾಡಿದ ತೀರ್ಮಾನಕ್ಕೂ ಗಾಬರಿಯಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿ ನೀರಿನಲ್ಲಿ ನಿಂತಿದೆ.

ಅಲ್ಲಿ ದುಡ್ಡಿಗೊಂದು ಹಳೆಯ ದಾರಿ ಇದೆ, ಅದರಲ್ಲಿ ಭಯಕ್ಕೆ ಕೆಲಸವೇ ಇಲ್ಲ. ಒಡ್ಡು, ಕಾಲುವೆ ನೋಡಿಕೊಳ್ಳಲು ಜಲ ಮಂಡಳಿಗಳಿವೆ. ಕೆಲವು 13ನೇ ಶತಮಾನದಷ್ಟು ಹಳೆಯವು, ದೇಶದ ಈಗಿನ ಸಂಸತ್ತಿಗಿಂತ ಶತಮಾನಗಳಷ್ಟು ಹಿರಿಯವು. ಅವು ತಮ್ಮದೇ ತೆರಿಗೆ ಹಾಕುತ್ತವೆ. ಆ ದುಡ್ಡನ್ನು ಬೇರೆ ಮಂತ್ರಿ ಬೇರೆ ಕೆಲಸಕ್ಕೆ ತೆಗೆಯುವ ಹಾಗಿಲ್ಲ. ವರ್ಷಕ್ಕೊಮ್ಮೆ ಬಿಲ್ಲು ಬರುತ್ತದೆ, ಜನ ಗೊಣಗಿ ಕಟ್ಟುತ್ತಾರೆ. ಆ ಮಂಡಳಿಗಳಿಗೆ ಚುನಾವಣೆಯೂ ಇದೆ. 2008ರಲ್ಲಿ ಅದಕ್ಕೆ ಮತ ಹಾಕಿದ್ದು ಸುಮಾರು ನಾಲ್ಕರಲ್ಲಿ ಒಬ್ಬರು. ಕಾಲ ಕೆಳಗಿನ ನೆಲ ಒಣಗಿರುವಾಗ ಯಾರಿಗೆ ಬೇಕು? ಕೊನೆಗೆ 2015ರಿಂದ ಆ ಚುನಾವಣೆಯನ್ನು ಪ್ರಾಂತ್ಯಗಳ ಚುನಾವಣೆ ದಿನವೇ ಇಟ್ಟರು. ಹೇಗೂ ಮತಗಟ್ಟೆಗೆ ಬಂದಿರುತ್ತಾರೆ, ಇನ್ನೊಂದು ಚೀಟಿ ಕೈಗೆ ಕೊಟ್ಟರಾಯಿತು ಅಂತ. ಮತದಾನ ನೂರಕ್ಕೆ 40 ದಾಟಿತು.